ಅಂಕೆಗೆ ಸಿಕ್ಕ ಮನೆಗಳು

ನಿದ್ದೆ ಬಾರದ ರಾತ್ರಿಗಳಲ್ಲಿ ನಾನು ಹಳೆಯ ನಕ್ಷೆ ಬಿಚ್ಚಿಕೊಂಡು ಕೂರುತ್ತೇನೆ. ದೊಡ್ಡ ಗ್ರಂಥಾಲಯಗಳು ತಮ್ಮ ಕಪಾಟಿನ ಹಾಳೆಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಬಿಟ್ಟ ಮೇಲೆ ಅಂಟಿಕೊಂಡ ಚಟ ಇದು. ಪರದೆಯ ಮೇಲೆ ಬೆರಳಾಡಿಸಿದರೆ ಸಾಕು, ಇನ್ನೂರು ಮುನ್ನೂರು ವರ್ಷ ಹಿಂದಿನ ಬೀದಿಯೊಂದು ಕಣ್ಣೆದುರು ಹಿಗ್ಗುತ್ತಾ ಬರುತ್ತದೆ. ನಾನು ಹೋಗಬೇಕಾದ ಊರಲ್ಲ, ಹುಡುಕಬೇಕಾದ ಮನೆಯೂ ಇಲ್ಲ. ಸುಮ್ಮನೆ ಓಣಿಯಿಂದ ಓಣಿಗೆ ಅಲೆಯುವುದು.

ಕೆಲವು ತಿಂಗಳಿಂದ ಸಿಕ್ಕಿಹಾಕಿಕೊಂಡಿರುವುದು ರಿಚರ್ಡ್ ಹಾರ್ವುಡ್‌ನ ಲಂಡನ್ನಿನಲ್ಲಿ. 1792ರಿಂದ 1799ರವರೆಗೆ ಕಂತು ಕಂತಾಗಿ ಹೊರಬಂದ 32 ಹಾಳೆಗಳ ನಕ್ಷೆ ಅದು. ಮೈಲಿಗೆ 26 ಇಂಚಿನ ಅಳತೆ. ಎಲ್ಲ ಹಾಳೆ ಜೋಡಿಸಿ ತೂಗುಹಾಕಲು ಒಂದು ಇಡೀ ಗೋಡೆ ಬೇಕು. ಶೀರ್ಷಿಕೆಯಲ್ಲೇ ಒಂದು ಪ್ರತಿಜ್ಞೆಯಿದೆ: ಪ್ರತಿಯೊಂದು ಮನೆಯನ್ನೂ ತೋರಿಸುವ ನಕ್ಷೆ ಇದು ಎಂದು. ತೋರಿಸಿದ್ದಾನೆ ಕೂಡ. ಬೀದಿಗೆ ಮುಖ ಮಾಡಿ ಸಾಲುಗಟ್ಟಿದ ಮನೆಗಳು, ಅವುಗಳ ಹಿತ್ತಿಲು, ಹಿತ್ತಿಲ ಗೋಡೆ, ಆ ಗೋಡೆಯ ಸೊಟ್ಟ ತಿರುವು. ಇನ್ನಷ್ಟು ಹಿಗ್ಗಿಸಿದರೆ ಮನೆಗಳೊಳಗೆ ಇರುವೆ ಸಾಲಿನಂಥ ಅಂಕಿಗಳು. ಮನೆ ನಂಬರುಗಳು.

ಹಾಗೇ ಹೋಗುತ್ತಾ ಹೋಗುತ್ತಾ ಅಂಕಿಗಳು ನಿಂತುಬಿಡುತ್ತವೆ. ಒಂದು ಬೀದಿಯಲ್ಲಿ ಎಲ್ಲ ಮನೆಗೂ ನಂಬರು, ಪಕ್ಕದ ಬೀದಿಯಲ್ಲಿ ಅಲ್ಲೊಂದು ಇಲ್ಲೊಂದು, ಅದರಾಚೆ ಬರೀ ಖಾಲಿ ಚೌಕಗಳು. ಎಲ್ಲ ಮನೆಗಳ ನಂಬರನ್ನೂ ಬರೆಯಬೇಕೆಂಬುದು ಹಾರ್ವುಡ್‌ನ ಆಸೆಯಾಗಿತ್ತು. ಕೈಗೂಡಲಿಲ್ಲ. ಆಯಾಸವಾಯಿತೆ, ದುಡ್ಡು ಮುಗಿಯಿತೆ, ಅಥವಾ ಕೆಲವು ಬಾಗಿಲುಗಳ ಮೇಲೆ ಬರೆದುಕೊಳ್ಳಲು ನಂಬರೇ ಇರಲಿಲ್ಲವೆ? ಆ ಖಾಲಿ ಚೌಕಗಳೇ ನನ್ನನ್ನು ಮನೆ ನಂಬರಿನ ಇತಿಹಾಸದ ಕಡೆಗೆ ಎಳೆದದ್ದು. ಬಾಗಿಲಿನ ಮೇಲಿನ ಅಂಕಿ ಬಾಗಿಲಿನಷ್ಟೇ ಹಳೆಯದು ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆ.

ಲಂಡನ್ನಿನಲ್ಲೇ ಆಗ ನಂಬರು ಹೊಸಬನಾಗಿತ್ತು. 1708ರಲ್ಲಿ ಪ್ರಕಟವಾದ ನಗರ ವಿವರಣೆಯೊಂದು ಪ್ರೆಸ್ಕಾಟ್ ಸ್ಟ್ರೀಟ್ ಎಂಬ ಬೀದಿಯ ಬಗ್ಗೆ ಹೇಳುತ್ತಾ, ಇಲ್ಲಿ ಮನೆಗಳನ್ನು ಫಲಕಗಳ ಬದಲು ನಂಬರುಗಳಿಂದ ಗುರುತಿಸುತ್ತಾರೆ ಎಂದು ಬರೆಯುತ್ತದೆ. ಅಂದರೆ ಅದು ಹೇಳಿಕೊಳ್ಳುವಂಥ ವಿಶೇಷ. ಉಳಿದ ಊರಿಗೆಲ್ಲ ಫಲಕಗಳೇ ಗತಿ: ಚಿನ್ನದ ಸಿಂಹ, ಮೂರು ಪಾರಿವಾಳ, ನೀಲಿ ಹಂದಿ. ಓದು ಬಾರದವರಿಗೂ ತಿಳಿಯುವ ಚಿತ್ರಗಳು. ಆದರೆ ಅಂಗಡಿಯವರ ಪೈಪೋಟಿಯಲ್ಲಿ ಫಲಕಗಳು ದಪ್ಪವಾಗುತ್ತಾ, ಬೀದಿಯ ನಡುವಿನವರೆಗೆ ಚಾಚುತ್ತಾ, ಗಾಳಿಗೆ ಕಿರುಗುಟ್ಟುತ್ತಾ ಬೆಳೆದವು. 1718ರಲ್ಲಿ ಫ್ಲೀಟ್ ಸ್ಟ್ರೀಟ್ ಹತ್ತಿರ ಒಂದು ಫಲಕದ ಭಾರಕ್ಕೆ ಮನೆಯ ಮುಂಗೋಡೆಯೇ ಕುಸಿದು 4 ಜನ ಸತ್ತರು. 1760ರ ದಶಕದಲ್ಲಿ ಕಾನೂನು ಬಂದು ಫಲಕಗಳು ಇಳಿದವು, ನಂಬರುಗಳು ಏರಿದವು. ಹಾರ್ವುಡ್ ಅಳೆಯಲು ಹೊರಟಾಗ ಇದೆಲ್ಲ ಆಗಿ ಮೂವತ್ತು ವರ್ಷವೂ ತುಂಬಿರಲಿಲ್ಲ.

ನಕ್ಷೆಯಾದರೋ ಬಹಳ ಹಿಂದಿನದು. ಎಷ್ಟು ಹಿಂದಿನದು ಎಂದರೆ, ಕ್ರಿ.ಶ. 203 ಮತ್ತು 211ರ ನಡುವೆ, ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯಾಗಿದ್ದಾಗ, ರೋಮಿನ ಶಾಂತಿ ದೇವಾಲಯದ ಗೋಡೆಯೊಂದಕ್ಕೆ ಇಡೀ ನಗರದ ನಕ್ಷೆಯನ್ನು ಅಮೃತಶಿಲೆಯಲ್ಲಿ ಕೊರೆದು ಹಚ್ಚಿದ್ದರು. 150 ಚಪ್ಪಡಿಗಳು, 18 ಮೀಟರ್ ಅಗಲ, 13 ಮೀಟರ್ ಎತ್ತರ. 240 ಅಡಿಯ ಬೀದಿ ಅಲ್ಲಿ 1 ಅಡಿ. ದೇವಾಲಯ, ಸ್ನಾನಗೃಹಗಳನ್ನು ಬಿಡಿ, ಬಾಡಿಗೆ ಕಟ್ಟಡಗಳ ಕೋಣೆಗಳು, ಒಳಗಿನ ಮೆಟ್ಟಿಲು, ಒಂದೊಂದು ಕಂಬಕ್ಕೂ ಚುಕ್ಕೆ. ಕಾಲಾಂತರದಲ್ಲಿ ಚಪ್ಪಡಿಗಳನ್ನು ಕಿತ್ತು ಕಟ್ಟಡಕ್ಕೂ ಸುಣ್ಣದ ಗೂಡಿಗೂ ಬಳಸಿದರು. 1562ರಿಂದ ಸಿಗುತ್ತಾ ಬಂದ ಚೂರುಗಳು ಸಾವಿರಕ್ಕೂ ಮಿಕ್ಕಿ ಇವೆ, ಆದರೂ ಒಟ್ಟು ನಕ್ಷೆಯ ಹತ್ತನೇ ಒಂದು ಪಾಲಿಗಿಂತ ಹೆಚ್ಚೇನಲ್ಲ. ನಕ್ಷೆ ತೂಗುತ್ತಿದ್ದ ಗೋಡೆ ಮಾತ್ರ ಇವತ್ತಿಗೂ ನಿಂತಿದೆ, ಒಂದು ಚರ್ಚಿನ ಹೊರಗೋಡೆಯಾಗಿ. ಚಪ್ಪಡಿ ಹಿಡಿದಿಟ್ಟ ಮೊಳೆಗಳ ತೂತುಗಳೂ ಹಾಗೇ ಇವೆ.

ನನ್ನನ್ನು ಕಾಡುವುದು ಇದು: ಕೋಣೆ ಕೋಣೆಯನ್ನೂ ಕಲ್ಲಿನಲ್ಲಿ ಕೊರೆಯಬಲ್ಲವರ ಆ ಊರಿನಲ್ಲಿ ಒಂದು ಮನೆಗೂ ನಂಬರಿರಲಿಲ್ಲ. ಕಾಗದ ತಲುಪಿಸಬೇಕಾದವನು ಇಂಥ ದೇವಾಲಯ ದಾಟಿ, ಇಂಥ ಮರದ ಹತ್ತಿರ ಕೇಳುತ್ತಾ ಹೋಗಬೇಕಿತ್ತು. ಮನೆ ನೋಡಲು ಬರುತ್ತಿತ್ತು, ಮನೆ ಎಣಿಸಬೇಕು ಅನ್ನಿಸಿರಲಿಲ್ಲ.

ಮುಂದಿನ ದೊಡ್ಡ ನಕ್ಷೆಗಳಲ್ಲೂ ಇದೇ ಕತೆ. 1500ರಲ್ಲಿ ಯಾಕೊಪೊ ದೆ ಬಾರ್ಬರಿ ವೆನಿಸನ್ನು ಹಕ್ಕಿಯ ಕಣ್ಣಿನಿಂದ ಕಂಡಂತೆ ಆರು ಮರದ ಅಚ್ಚುಗಳಲ್ಲಿ ಕೆತ್ತಿದ. ಯಾವ ಹಕ್ಕಿಯೂ ಹಾಗೆ ನೋಡಿರಲಾರದು. ಊರಿನ ಹಲವು ಗೋಪುರಗಳನ್ನು ಹತ್ತಿ ಕಂಡದ್ದನ್ನೆಲ್ಲ ಒಂದೇ ನೋಟವಾಗಿ ಹೊಲಿದದ್ದು. ಪ್ಯಾರಿಸ್ಸಿನಲ್ಲಿ 1734ರಲ್ಲಿ ನಗರಾಡಳಿತದ ಮುಖ್ಯಸ್ಥ ಮಿಶೆಲ್ ಎತಿಯೆನ್ ಟ್ಯುರ್ಗೊ, ಲೂಯಿ ಬ್ರೆತೆ ಎಂಬ ಚಿತ್ರಕಾರನಿಗೆ ಊರನ್ನು ಬಿಡಿಸುವ ಕೆಲಸ ವಹಿಸಿದ. ಯಾವ ಮಹಲಿಗೂ ತೋಟಕ್ಕೂ ನುಗ್ಗಿ ನೋಡಲು ಅವನಿಗೆ ಪರವಾನಗಿ ಪತ್ರ ಕೊಡಲಾಗಿತ್ತು. 1739ರಲ್ಲಿ 20 ಹಾಳೆಗಳಾಗಿ ಹೊರಬಂದ ಆ ನಕ್ಷೆಯಲ್ಲಿ ಕಿಟಕಿಗಳನ್ನೂ ಲೆಕ್ಕ ಹಾಕಬಹುದು. ಆದರೆ ಮನೆಗಳ ಮುಖ ಕಾಣಲೆಂದು ಬೀದಿಗಳನ್ನು ಇದ್ದದ್ದಕ್ಕಿಂತ ಅಗಲ ಮಾಡಿದ್ದಾನೆ. ನಿಜವಾದ ಪ್ಯಾರಿಸ್ಸಿನ ಕತ್ತಲ ಸಂದಿಗಳಿಗೆ ಬ್ರೆತೆಯ ಕಾಗದದಲ್ಲಿ ಬಿಸಿಲು ಬಿದ್ದಿದೆ. ಚೆಂದದ ಸುಳ್ಳು.

ನನಗೆ ಅದಕ್ಕಿಂತ ಮೆಚ್ಚಿಗೆ ಜಾಂಬತಿಸ್ತಾ ನೊಲ್ಲಿಯ ರೋಮ್. 1736ರಲ್ಲಿ ಶುರು, 1748ರಲ್ಲಿ ಪ್ರಕಟ, 12 ತಾಮ್ರದ ಹಲಗೆಗಳು. ಕಟ್ಟಡಗಳ ಮುಖ ತೋರಿಸುವ ಹಂಗಿಲ್ಲ, ನೇರ ಮೇಲಿನಿಂದ ನೋಟ. ಖಾಸಗಿ ಕಟ್ಟಡಗಳೆಲ್ಲ ಕಪ್ಪು. ಬೀದಿ, ಚೌಕ ಬಿಳಿ. ಚರ್ಚಿನ ಒಳಾಂಗಣವೂ ಬಿಳಿ, ಏಕೆಂದರೆ ಯಾರು ಬೇಕಾದರೂ ಹೋಗಬಹುದು. ಯಾವ ಬಾಗಿಲು ನಿಮಗೆ ತೆರೆಯುತ್ತದೆ, ಯಾವುದು ಇಲ್ಲ ಎಂಬುದನ್ನೇ ನಕ್ಷೆ ಮಾಡಿಟ್ಟಿದ್ದಾನೆ. ಅದರ ಮೇಲೆ ಅಂಕಿಗಳೂ ಇವೆ, 1320ರವರೆಗೆ. ಆದರೆ ಅವು ಸೂಚಿಪಟ್ಟಿಯಲ್ಲಿ ಹೆಸರು ಹುಡುಕಲು ನೊಲ್ಲಿ ಹಾಕಿಕೊಂಡ ಅಂಕಿಗಳು. ಹಾಳೆಯ ಮೇಲೆ ಇದ್ದವು, ಗೋಡೆಯ ಮೇಲೆ ಇರಲಿಲ್ಲ. ತನಗೊಂದು ನಂಬರು ಬಿದ್ದಿದೆ ಎಂಬುದು ಆ ಕಟ್ಟಡಕ್ಕೇ ಗೊತ್ತಿರಲಿಲ್ಲ.

ಅಂಕಿ ಹಾಳೆಯಿಂದ ಗೋಡೆಗೆ ಹಾರಲು ಬೇರೆಯೇ ಜನ ಬೇಕಾಯಿತು. ಸುಂದರ ನಕ್ಷೆಯ ಗೀಳಿಲ್ಲದ, ದಪ್ಪ ಪುಸ್ತಕ ಹಿಡಿದ ಜನ.

ಪ್ಯಾರಿಸ್ಸಿನಲ್ಲಿ ಇದರ ಮೊದಲ ಗುರುತು ಸಿಗುವುದು ಒಂದು ಸೇತುವೆಯ ಮೇಲೆ. ಕುಸಿದುಬಿದ್ದ ನೋತ್ರ್ ದಾಮ್ ಸೇತುವೆಯನ್ನು 1512ರ ಹೊತ್ತಿಗೆ ಮತ್ತೆ ಕಟ್ಟಿದಾಗ ಅದರ ಮೇಲೆ ಒಂದೇ ಅಚ್ಚಿನ 68 ಮನೆಗಳನ್ನು ನಿಲ್ಲಿಸಿ ನಂಬರು ಹಾಕಿದರು. ಮನೆಗಳ ಒಡೆತನ ನಗರಾಡಳಿತದ್ದು, ವಾಸಿಸುವವರು ಬಾಡಿಗೆಯವರು. ಯಾವ ಮನೆಯಿಂದ ಎಷ್ಟು ಬರಬೇಕು ಎಂಬ ಪುಸ್ತಕಕ್ಕೆ ಆ ನಂಬರು ಬೇಕಿತ್ತು. 1720ರ ದಶಕದಲ್ಲಿ ನಗರದ ಹೊರವಲಯದ ಮನೆಗಳಿಗೆ ಅಂಕಿ ಬಂತು. ಇದ್ದ ಮನೆ ಎಣಿಸಿಟ್ಟರೆ ಮಿತಿ ಮೀರಿ ಎದ್ದ ಹೊಸ ಮನೆ ಸಿಕ್ಕಿಬೀಳುತ್ತದೆ ಎಂಬ ಲೆಕ್ಕಾಚಾರ. 1768ರಲ್ಲಿ ಫ್ರಾನ್ಸಿನ ಊರುಗಳಲ್ಲಿ ಮನೆಗಳಿಗೆ ನಂಬರು ಹಾಕಿಸಿದ್ದು ಸೈನಿಕರನ್ನು ಯಾರ್‍ಯಾರ ಮನೆಯಲ್ಲಿ ಇಳಿಸಬೇಕೆಂದು ಹಂಚಲು. ಬಾಡಿಗೆ, ಗಡಿ, ಸಿಪಾಯಿ. ನೆಂಟರು ದಾರಿ ತಪ್ಪಬಾರದು ಎಂದು ಯಾರೂ ಯೋಚಿಸಿದ ಹಾಗಿಲ್ಲ.

ಯೋಚಿಸಿದವನು ಒಬ್ಬನಿದ್ದ ಅನ್ನಿ. ಮಾರಿನ್ ಕ್ರೀನ್‌ಫೆಲ್ಟ್ ಎಂಬ ಪಂಚಾಂಗ ಪ್ರಕಾಶಕ. ಪ್ಯಾರಿಸ್ಸಿನ ವಿಳಾಸಗಳ ಕೈಪಿಡಿ ಅಚ್ಚು ಹಾಕುತ್ತಿದ್ದವನಿಗೆ ವಿಳಾಸ ಎಂಬುದೇ ಸರಿಯಾಗಿಲ್ಲದ್ದು ದೊಡ್ಡ ತಲೆನೋವು. 1779ರಲ್ಲಿ ತಾನೇ ಕೈಯಿಂದ ದುಡ್ಡು ಹಾಕಿ ಬಾಗಿಲುಗಳಿಗೆ ನಂಬರು ಬರೆಸಲು ಹೊರಟ. ಜನಕ್ಕೆ ಇದು ಹೊಸ ತೆರಿಗೆಯ ಮುನ್ಸೂಚನೆ ಎಂಬ ಗುಮಾನಿ. ಗಾಡಿ ನುಗ್ಗುವಷ್ಟು ದೊಡ್ಡ ಬಾಗಿಲಿನ ಶ್ರೀಮಂತರಿಗೋ ಅವಮಾನ: ಪಕ್ಕದ ಚಪ್ಪಲಿ ಹೊಲಿಯುವವನ ಮನೆ ಇಷ್ಟನೆಯದು, ಅದರ ನಂತರ ನನ್ನ ಮಹಲೆ? ಆ ಕಾಲದ ಪ್ಯಾರಿಸ್ಸಿನ ಬೀದಿಗಳನ್ನು ಕಂಡಂತೆ ಬರೆದ ಮೆರ್ಸಿಯೆ ಈ ಮುಖ ಸಿಂಡರಿಸುವಿಕೆಯನ್ನು ದಾಖಲಿಸಿದ್ದಾನೆ. ಪಾಪ ಕ್ರೀನ್‌ಫೆಲ್ಟ್. ಹುಡುಕುವವರ ಅನುಕೂಲಕ್ಕೆ ನಂಬರು ಬರೆಯಲು ಹೋದವನನ್ನೇ ಜನ ನಂಬಲಿಲ್ಲ.

ನಂಬದಿರಲು ಕಾರಣ ಬೇಕಾದಷ್ಟಿದ್ದವು, ಅದನ್ನು ತಿಳಿಯಲು ವಿಯೆನ್ನಾಕ್ಕೆ ಹೋಗಬೇಕು. 1770ರಲ್ಲಿ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ತನ್ನ ರಾಜ್ಯದ ದೊಡ್ಡ ಭಾಗದಲ್ಲಿ ಮನೆ ಮನೆಗೂ ನಂಬರು ಹಾಕಿಸಲು ಆಜ್ಞೆ ಹೊರಡಿಸಿದಳು. ಉದ್ದೇಶ ಮುಚ್ಚುಮರೆಯದ್ದೇನಲ್ಲ: ಸೈನ್ಯಕ್ಕೆ ಆಳು ಬೇಕು. ತಗಾದೆ ಏನೆಂದರೆ, ಆಳುಗಳು ಎಲ್ಲಿದ್ದಾರೆ? ಜಮೀನುದಾರರು ತಮ್ಮ ಒಳ್ಳೆಯ ದುಡಿಮೆಗಾರರನ್ನು ಬಚ್ಚಿಟ್ಟು ಕೈಲಾಗದವರನ್ನು ಕಳಿಸುತ್ತಿದ್ದರು. ಮನೆಗಳಿಗೆ ಹೆಸರಿದ್ದವು, ಆದರೆ ಚಿನ್ನದ ಗರುಡ ಎಂಬ ಹೆಸರಿನ ಮನೆ ಒಂದೇ ಊರಿನಲ್ಲಿ ಹಲವು. ಹಾಗಾಗಿ ಅಧಿಕಾರಿ, ಗುಮಾಸ್ತ, ಕಪ್ಪು ಬಣ್ಣದ ಡಬ್ಬಿ, ಕುಂಚ. ಚಳಿಯಲ್ಲಿ ಹಳ್ಳಿ ಹಳ್ಳಿ ತಿರುಗಿ ಸುಮಾರು 11 ಲಕ್ಷ ಮನೆಗಳಿಗೆ ನಂಬರು ಬರೆದರು, ಒಳಗಿದ್ದ 70 ಲಕ್ಷಕ್ಕೂ ಹೆಚ್ಚು ಜನರನ್ನು ಪುಸ್ತಕಕ್ಕೆ ಇಳಿಸಿದರು. ಅವರ ಭಾಷೆಯಲ್ಲಿ ಅದು ಆತ್ಮಗಳ ಎಣಿಕೆ. ಯಹೂದಿಗಳ ಮನೆಗೆ ಮಾತ್ರ ಬೇರೆ ಜಾತಿಯ ಅಂಕಿ, ರೋಮನ್ ಅಂಕಿ. ದೂರದಿಂದಲೇ ತಿಳಿಯಲಿ ಎಂದು. ಎಣಿಕೆ ಎಂದೂ ಬರೀ ಎಣಿಕೆಯಾಗಿರುವುದಿಲ್ಲ ಎನ್ನಲು ಇದೊಂದು ಸಾಲು ಸಾಕು.

ಇಲ್ಲಿಗೆ ಬಂದಾಗಲೇ ನನಗೆ ಕನ್ನಡದ ಎರಡು ಪದಗಳು ಹೊಸದಾಗಿ ಕೇಳಿಸತೊಡಗಿದ್ದು. ಅಂಕೆ ಎಂದರೆ ಎಣಿಕೆಯ ಗುರುತು, ಅಂಕೆ ಎಂದರೆ ಹಿಡಿತ. ಮಾತು ಕೇಳದ ಹುಡುಗನನ್ನು ಅಂಕೆಗೆ ಸಿಗದವನು ಎನ್ನುತ್ತೇವೆ; ಮಗ್ಗಿ ಬರೆಯಲು ಕೂತ ಅದೇ ಹುಡುಗ ಬರೆಯುವುದೂ ಅಂಕೆಯನ್ನೇ. ಇನ್ನೊಂದು ಹದ್ದುಬಸ್ತು. ಮೋಜಣಿಯವರಿಗೆ ಅದು ಸರಪಳಿ ಹಿಡಿದು ಗಡಿ ಗುರುತಿಸುವ ಕೆಲಸ, ಉಳಿದವರಿಗೆ ಯಾರನ್ನಾದರೂ ಮಿತಿಯಲ್ಲಿಡುವ ಮಾತು. ಒಂದು ಪದದೊಳಗೆ ಮನೆ ನಂಬರು, ಇನ್ನೊಂದರೊಳಗೆ ನಕ್ಷೆ. ವಿಯೆನ್ನಾದ ಗುಮಾಸ್ತನಿಗೆ ಕನ್ನಡ ಬರುತ್ತಿದ್ದರೆ ಆಜ್ಞಾಪತ್ರ ಒಂದೇ ಸಾಲಿನಲ್ಲಿ ಮುಗಿಯುತ್ತಿತ್ತು.

ಅಂಕೆಗೆ ಸಿಗಲು ಜನ ಸುಲಭಕ್ಕೆ ಒಪ್ಪಲಿಲ್ಲ. ರಾತ್ರಿ ಕೆರೆದುಹಾಕಿದರು, ಕೊಚ್ಚಿದರು, ಸಗಣಿ ಹೊಲಸು ಬಳಿದರು. 1782ರಲ್ಲಿ ಜಿನೀವಾದಲ್ಲಿ ಒಂದೇ ರಾತ್ರಿ 150ರಷ್ಟು ನಂಬರುಗಳು ನಾಶವಾದವು. ಅವರನ್ನು ಹಿಂದುಳಿದವರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಬಾಗಿಲಿಗೆ ಅಂಕಿ ಬಿದ್ದ ಮನೆಯಿಂದ ನಾಳೆ ಮಗ ಹೋಗುತ್ತಾನೆ ಎಂದು ಅವರು ಲೆಕ್ಕ ಹಾಕಿದ್ದರು. ಆ ಲೆಕ್ಕ ತಪ್ಪಿರಲಿಲ್ಲ.

ಆದರೂ ವಿಯೆನ್ನಾದ ಕತೆಯಲ್ಲಿ ನನಗೆ ತುಂಬಾ ಹಿಡಿಸಿದ ಒಂದು ತಿರುವಿದೆ. ಎಣಿಸಲು ಹೋದ ಸೇನಾಧಿಕಾರಿಗಳು ಮನೆಯೊಳಗೆ ಕಾಲಿಟ್ಟರಲ್ಲ, ಕಂಡದ್ದನ್ನು ಬರೆದರು. ಇಲ್ಲಿ ಹೊಟ್ಟೆಗಿಲ್ಲ, ಇಲ್ಲಿ ಮಕ್ಕಳಿಗೆ ಶಾಲೆಯಿಲ್ಲ, ಇಲ್ಲಿಯ ಜನ ಜಮೀನುದಾರನ ಬಿಟ್ಟಿ ಚಾಕರಿಯಲ್ಲಿ ಸವೆದು ಸಿಪಾಯಿಗಿರಿಗೂ ಲಾಯಕ್ಕಿಲ್ಲ ಎಂದು. ಹಳ್ಳಿಯವರೂ ಬಿಡಲಿಲ್ಲ, ಬಂದವರ ಮುಂದೆ ತಮ್ಮ ದೂರುಗಳನ್ನೆಲ್ಲ ಸುರಿದರು. ಆಳು ಎಣಿಸಲು ಕಳಿಸಿದ ಪುಸ್ತಕ ಆಳಿನ ಅಳಲನ್ನೂ ಹೊತ್ತು ರಾಜಧಾನಿಗೆ ಮರಳಿತು.

ಇನ್ನು ಆ ನಂಬರು ಹಾಕುವ ಕ್ರಮ ಎಷ್ಟು ಒಡ್ಡು ಎಂದರೆ, ಬೀದಿಯ ಗೊಡವೆಯೇ ಇಲ್ಲ, ಇಡೀ ಊರಿಗೆ ಒಂದರಿಂದ ಶುರು. ವಿಯೆನ್ನಾದಲ್ಲಿ 1 ಎಂದರೆ ಅರಮನೆ. ಹೊಸ ಮನೆ ಎದ್ದರೆ, ಅದು ಎಲ್ಲೇ ಇರಲಿ, ಸಾಲಿನ ಕೊನೆಯ ನಂಬರು. ಸ್ವಲ್ಪ ಕಾಲದಲ್ಲೇ ಇಪ್ಪತ್ತರ ಪಕ್ಕದಲ್ಲಿ ಸಾವಿರದ ಚಿಲ್ಲರೆ ಬಂದು ಕೂತಿತು. 1795ರಲ್ಲಿ, 1821ರಲ್ಲಿ ಎಲ್ಲ ಅಳಿಸಿ ಮತ್ತೆ ಹಾಕಿದರು. 1862ರಲ್ಲಿ ಕೊನೆಗೂ ಬೀದಿವಾರು ನಂಬರಿಗೆ ಬಂದರು. ಪ್ರಾಗ್ ನಗರ ಮಾತ್ರ ಹಳೆಯದನ್ನು ಬಿಡದೆ ಹೊಸದನ್ನೂ ಸೇರಿಸಿಕೊಂಡಿತು: ಅಲ್ಲಿ ಇವತ್ತಿಗೂ ಒಂದೇ ಮನೆಗೆ ಎರಡು ಫಲಕ, ಎಣಿಕೆಯ ನಂಬರಿಗೆ ಕೆಂಪು, ಬೀದಿಯ ನಂಬರಿಗೆ ನೀಲಿ. ಕೆಂಪು ದಫ್ತರಿಗೆ, ನೀಲಿ ದಾರಿಹೋಕನಿಗೆ. ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಊರು ಇನ್ನೊಂದಿಲ್ಲ.

ವೆನಿಸ್ ಅಂತೂ ತಿದ್ದಿಕೊಳ್ಳಲೇ ಇಲ್ಲ. ಅಲ್ಲಿ ಈಗಲೂ ಇಡೀ ಬಡಾವಣೆಗೆ ಒಂದೇ ಸರಣಿ, ಕಸ್ತೆಲ್ಲೊದಲ್ಲಿ ಅದು 6000 ದಾಟುತ್ತದೆ. ಕಲೋನಿನಲ್ಲಿ 1794ರಲ್ಲಿ, ಫ್ರೆಂಚ್ ಸೈನ್ಯ ಬಾಗಿಲಿಗೆ ಬಂದ ದಿನಗಳಲ್ಲಿ ಹಾಗೆಯೇ ಊರುದ್ದಕ್ಕೂ ಹಾಕಿದ ಸರಣಿಯಲ್ಲಿ ಒಂದು ಮನೆಗೆ 4711 ಬಿತ್ತು. ಮನೆಗೆ ಆಮೇಲೆ ಬೇರೆ ನಂಬರು ಬಂದರೂ ಹಳೆಯದು ಸುಗಂಧದ ಸೀಸೆಯ ಮೇಲೆ ಹತ್ತಿ ಕೂತು ಜಗತ್ತು ಸುತ್ತಿತು.

ಬುದ್ಧಿವಂತಿಕೆಯ ಕ್ರಮ ಎಂದರೆ ಬೆಸ ಒಂದು ಕಡೆ, ಸಮ ಇನ್ನೊಂದು ಕಡೆ. ಅಮೆರಿಕದ ಮೊದಲ ಜನಗಣತಿಯ ಹೊತ್ತಿಗೆ, 1790ರಲ್ಲಿ, ಫಿಲಡೆಲ್ಫಿಯಾದಲ್ಲಿ ಗಣತಿಯ ಹೊಣೆ ಹೊತ್ತಿದ್ದ ಕ್ಲೆಮೆಂಟ್ ಬಿಡಲ್ ಹೀಗೆ ಹಾಕಿಸಿದ. ಪ್ಯಾರಿಸ್ಸಿಗೆ ಅದು ಬಂದದ್ದು 1805ರ ಫೆಬ್ರವರಿಯಲ್ಲಿ, ನೆಪೋಲಿಯನ್ನನ ಆಜ್ಞೆಯಾಗಿ. ಸೇನ್ ನದಿಗೆ ಸಮಾನಾಂತರವಾದ ಬೀದಿಗಳಲ್ಲಿ ನಂಬರು ನೀರು ಹರಿದ ದಿಕ್ಕಿಗೆ ಏರುತ್ತದೆ. ಉಳಿದ ಬೀದಿಗಳಲ್ಲಿ ನದಿಯ ಕಡೆಯಿಂದ ಶುರು. ಮೊದಲನೆಯವಕ್ಕೆ ಕೆಂಪು ಅಂಕಿ, ಎರಡನೆಯವಕ್ಕೆ ಕಪ್ಪು. ಅಪರಿಚಿತನೊಬ್ಬ ಯಾವುದೋ ಬಾಗಿಲ ಮುಂದೆ ನಿಂತು ಅಂಕಿಯ ಬಣ್ಣ ನೋಡಿ, ಎರಡು ಹೆಜ್ಜೆ ನಡೆದು ಮುಂದಿನ ಅಂಕಿ ನೋಡಿದರೆ ನದಿ ಯಾವ ಕಡೆ, ಇಲ್ಲವೇ ಅದು ಯಾವ ಕಡೆಗೆ ಹರಿಯುತ್ತದೆ ಎಂದು ಹೇಳಬಹುದಿತ್ತು. ನಕ್ಷೆಯನ್ನು ಕೈಯಲ್ಲಿ ಹಿಡಿಯುವುದೇ ಬೇಡ, ಊರೇ ತನ್ನ ನಕ್ಷೆಯನ್ನು ಗೋಡೆಗಳ ಮೇಲೆ ಬರೆದುಕೊಂಡಿತ್ತು. ಚಕ್ರವರ್ತಿಯ ಮೇಲೆ ನನಗೆ ವಿಶೇಷ ಪ್ರೀತಿಯಿಲ್ಲ, ಆದರೆ ಇದನ್ನು ಯೋಚಿಸಿದ ಗುಮಾಸ್ತನ ಕೈ ಕುಲುಕಬೇಕು ಅನ್ನಿಸುತ್ತದೆ.

ಹಿಡಿಯಲು ಹುಟ್ಟಿದ ಅಂಕಿ ಉಳಿಸಲು ಬಳಕೆಯಾದದ್ದನ್ನೂ ಹೇಳಬೇಕು. 1854ರ ಆಗಸ್ಟ್ ಕೊನೆಗೆ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಎದ್ದಾಗ ವೈದ್ಯ ಜಾನ್ ಸ್ನೋ ಸಾವುಗಳ ಪಟ್ಟಿ ತರಿಸಿಕೊಂಡ. ಪಟ್ಟಿಯಲ್ಲಿ ವಿಳಾಸಗಳಿದ್ದವು. ನಕ್ಷೆಯ ಮೇಲೆ ಒಂದೊಂದು ಸಾವಿಗೂ ಒಂದೊಂದು ಕಪ್ಪು ಗೆರೆ, ಸತ್ತವರಿದ್ದ ಮನೆಯ ಬುಡದಲ್ಲೇ. ಗೆರೆಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಒತ್ತೊತ್ತಾಗಿ ನಿಂತವು. ಆಮೇಲೆ ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ ಅದೇ ಬೀದಿಯ 40ನೇ ನಂಬರಿನ ಮನೆಗೆ ಬಂದು ಮುಟ್ಟಿದ. ಅಲ್ಲೊಂದು ಕೂಸು ಭೇದಿಯಿಂದ ಸತ್ತಿತ್ತು, ಅದರ ಬಟ್ಟೆ ಒಗೆದ ನೀರು ಹೋಗಿ ಸೇರಿದ ಗುಂಡಿ ಪಂಪಿನ ಬಾವಿಯಿಂದ ಮೂರಡಿಯೂ ದೂರವಿರಲಿಲ್ಲ. ನೂರು ವರ್ಷ ಹಿಂದೆ ಇದೇ ಆಗಿದ್ದರೆ ಆ ಕೂಸು ನೀಲಿ ಹಂದಿಯ ಎದುರಿನ ಯಾವುದೋ ಮನೆಯದ್ದಾಗಿರುತ್ತಿತ್ತು.

ಹಾರ್ವುಡ್‌ಗೆ ಮರಳುತ್ತೇನೆ. ಅವನಿಗೆ ನಂಬರು ಏಕೆ ಬೇಕಿತ್ತು ಎಂದರೆ, ಅವನು ಫೀನಿಕ್ಸ್ ಎಂಬ ಬೆಂಕಿ ವಿಮಾ ಕಂಪನಿಗೆ ಮೋಜಣಿ ಮಾಡುತ್ತಿದ್ದವನು. ಯಾವ ಮನೆ ಯಾವುದಕ್ಕೆ ಅಂಟಿಕೊಂಡಿದೆ, ಯಾವುದಕ್ಕೆ ಹೊತ್ತಿದರೆ ಯಾವುದಕ್ಕೆ ಹರಡುತ್ತದೆ ಎಂಬುದು ವಿಮೆಯವರಿಗೆ ದುಡ್ಡಿನ ಪ್ರಶ್ನೆ. ಕಂಪನಿ 500 ಪೌಂಡ್ ಸಾಲ ಕೊಟ್ಟಿತು, ಅವನು ನಕ್ಷೆಯನ್ನು ಅವರಿಗೇ ಅರ್ಪಿಸಿದ. ಬೇಗ ಮುಗಿಸುತ್ತೇನೆಂದು ಹೊರಟದ್ದು ಒಂಬತ್ತು ವರ್ಷ ಹಿಡಿಯಿತು. ಆಮೇಲೆ ಲಿವರ್‌ಪೂಲಿಗೆ ಹೋಗಿ ಆ ಊರನ್ನೂ ಅಳೆದ. 1803ರಲ್ಲಿ ಅಲ್ಲೇ ತೀರಿಕೊಂಡ, ಬಡತನದಲ್ಲಿ. ತಾಮ್ರದ ಹಲಗೆಗಳು ನಕ್ಷೆ ಪ್ರಕಾಶಕ ವಿಲಿಯಂ ಫೇಡನ್ ಕೈಗೆ ಹೋಗಿ, 1807, 1813, 1819ರಲ್ಲಿ ಹೊಸ ಬೀದಿಗಳೊಂದಿಗೆ ಮತ್ತೆ ಅಚ್ಚಾದವು. 32 ಹಾಳೆ 40 ಆಯಿತು.

ಮೊನ್ನೆ ಒಂದು ಹಾಳೆಯನ್ನು ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿಕೊಂಡೆ. ಅಂಕಿ ನಿಂತ ಜಾಗದಿಂದ ಪೆನ್ಸಿಲ್ ಹಿಡಿದು ನಾನೇ ಮುಂದುವರಿಸೋಣ ಅನ್ನಿಸಿತು. ಮೊದಲ ಐದಾರು ಮನೆ ಸರಾಗ. ಆಮೇಲೆ ಎರಡು ಮನೆಗಳ ನಡುವೆ ಒಂದು ಸಂದಿ, ಸಂದಿಯೊಳಗೊಂದು ಸಣ್ಣ ಅಂಗಳ, ಅಂಗಳದ ಸುತ್ತ ನಾಲ್ಕು ಮನೆ. ಅವನ್ನು ಬೀದಿಯ ಲೆಕ್ಕಕ್ಕೆ ಸೇರಿಸಬೇಕೋ, ಅಂಗಳಕ್ಕೇ ಒಂದರಿಂದ ಶುರು ಮಾಡಬೇಕೋ? ಮೂಲೆಯ ದೊಡ್ಡ ಚೌಕ ಒಂದೇ ಮನೆಯೋ, ಒಳಗೆ ಗೋಡೆ ಎದ್ದು ಎರಡಾಗಿದೆಯೋ? ಬಾಗಿಲು ಯಾವ ಕಡೆ? ಅಲ್ಲಿಗೇ ಹೋಗಿ ನಿಂತು ಒಳಗಿನವರನ್ನು ಕೇಳಿದರಷ್ಟೇ ತಿಳಿಯುತ್ತದೆ. ಅಳತೆಗೋಲು ಹಿಡಿದು ಬಾಗಿಲಿಗೆ ಬಂದವನಿಗೆ ಒಳಗಿನವರು ಏನೆಂದಿರಬಹುದು ಎಂದು ಯೋಚಿಸುತ್ತಾ ಪೆನ್ಸಿಲ್ ಕೆಳಗಿಟ್ಟೆ. ಹಾಳೆ ಇನ್ನೂ ಮೇಜಿನ ಮೇಲಿದೆ. ಆ ನಾಲ್ಕು ಮನೆಗಳು ಖಾಲಿ ಇವೆ.